ಔಟಾದವನನ್ನು ಮರಳಿ ಕರೆದ ನಾಯಕ

‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆ ಕೋರ್ಟು ವ್ಯಾಜ್ಯ ಕಂಡವರ ಬಾಯಲ್ಲಿ ಹುಟ್ಟಿದ್ದು. ಹಟಕ್ಕೆ ಬಿದ್ದು ಗೆದ್ದರೂ ಕೈಯಲ್ಲಿ ಏನೂ ಉಳಿಯದು ಎಂಬುದು ಅದರ ಸಾರ. ಹಾಗಾದರೆ ಸೋತೂ ಏನನ್ನಾದರೂ ಉಳಿಸಿಕೊಂಡವರು ಉಂಟೇ? ಉಂಟು. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅಂಥವರಲ್ಲಿ ಒಬ್ಬರು.

1980ರ ಫೆಬ್ರುವರಿ. ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಅಂಗವಾಗಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ವಿರುದ್ಧ ಒಂದೇ ಒಂದು ಟೆಸ್ಟ್ ಏರ್ಪಟ್ಟಿತ್ತು. ಭಾರತದ ನಾಯಕತ್ವ ವಿಶ್ವನಾಥರದು. ಮೊದಲು ಆಡಿ 242 ರನ್ ಗಳಿಸಿದ್ದ ಭಾರತ, ಇಂಗ್ಲೆಂಡಿನ ಐದು ವಿಕೆಟ್‌ಗಳನ್ನು 58 ರನ್ನಿಗೇ ಉರುಳಿಸಿತ್ತು. ಆಗ ಜೊತೆಗೂಡಿದವರು ಇಯಾನ್ ಬಾತಮ್ ಮತ್ತು ವಿಕೆಟ್‌ಕೀಪರ್ ಬಾಬ್ ಟೇಲರ್. ಕಪಿಲ್ ದೇವ್ ಎಸೆದ ಒಂದು ಚೆಂಡು ಟೇಲರ್ ಬ್ಯಾಟಿಗೆ ತಾಗಿ ಕೀಪರ್ ಕೈ ಸೇರಿತೆಂದು ಮನವಿ ಎದ್ದಿತು. ಅಂಪೈರ್ ಹನುಮಂತ ರಾವ್ ಔಟ್ ಕೊಟ್ಟರು. ಆದರೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಸ್ಲಿಪ್‌ನಲ್ಲಿದ್ದ ವಿಶ್ವನಾಥರಿಗೆ ಮನವರಿಕೆಯಾಗಿತ್ತು. ಅವರು ಮನವಿಯನ್ನು ಹಿಂದಕ್ಕೆ ಪಡೆದರು. ಟೇಲರ್ ಮತ್ತೆ ಬ್ಯಾಟ್ ಹಿಡಿದರು.

ಇದು ಬರೀ ಔದಾರ್ಯವಲ್ಲ, ನಿಯಮದಲ್ಲೇ ಇರುವ ಅವಕಾಶ. ಕ್ರಿಕೆಟ್‌ನಲ್ಲಿ ಮನವಿ ಬಾರದೆ ಅಂಪೈರ್ ಔಟ್ ಕೊಡುವಂತಿಲ್ಲ. ಅಂತೆಯೇ ಅಂಪೈರ್ ಒಪ್ಪಿದರೆ ಆ ಮನವಿಯನ್ನು ಹಿಂತೆಗೆದುಕೊಳ್ಳುವ ಅಧಿಕಾರ ನಾಯಕನಿಗಿದೆ. ಆದರೆ ಹಿಂತೆಗೆದುಕೊಳ್ಳಲೇಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿದೆ. ಬಾತಮ್–ಟೇಲರ್ ಆರನೆಯ ವಿಕೆಟ್‌ಗೆ 171 ರನ್ ಸೇರಿಸಿದರು. ಇಂಗ್ಲೆಂಡ್ 296 ರನ್ ಗಳಿಸಿ, ಕೊನೆಗೆ ಹತ್ತು ವಿಕೆಟ್‌ಗಳಿಂದ ಗೆದ್ದಿತು. ವಿಶ್ವನಾಥರ ನಿರ್ಧಾರವೇ ಪಂದ್ಯವನ್ನು ಕೈಬಿಡಿಸಿತು ಎಂಬ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಬಾತಮ್ ಅದೇ ಪಂದ್ಯದಲ್ಲಿ ಶತಕದ ಜೊತೆಗೆ 13 ವಿಕೆಟ್ ಕಿತ್ತರೆಂಬುದನ್ನೂ ಮರೆಯುವಂತಿಲ್ಲ. ಅದೇನೇ ಇರಲಿ, ವಿಶ್ವನಾಥ್ ನಾಯಕರಾಗಿ ಆಡಿದ್ದು ಎರಡೇ ಟೆಸ್ಟ್. ಒಂದು ಡ್ರಾ, ಇನ್ನೊಂದು ಈ ಸೋಲು. ಗೆಲುವೆಂಬುದು ಅವರ ನಾಯಕತ್ವದ ಲೆಕ್ಕಕ್ಕೆ ಸೇರಲೇ ಇಲ್ಲ.

ಆಟ ಮುಗಿದ ಮೇಲೆ ಎದುರಾಳಿಯ ಕೈ ಕುಲುಕುವುದನ್ನು ನಾವು ಕ್ರೀಡಾಮನೋಭಾವ ಎನ್ನುತ್ತೇವೆ. ಅದು ಒಳ್ಳೆಯ ನಡತೆಯೇ ಸರಿ. ಆದರೆ ಅದಕ್ಕೆ ತೆರುವ ಬೆಲೆ ಕಡಿಮೆ. ನಿಜವಾದ ಪರೀಕ್ಷೆ ಇರುವುದು ಫಲಿತಾಂಶ ಇನ್ನೂ ತೂಗಾಡುತ್ತಿರುವಾಗ. 1987ರ ವಿಶ್ವಕಪ್‌ನಲ್ಲಿ ವೆಸ್ಟ್ ಇಂಡೀಸಿನ ಕರ್ಟ್ನಿ ವಾಲ್ಶ್ ಎದುರಿಸಿದ್ದೂ ಇಂಥದೇ ಗಳಿಗೆಯನ್ನು. ಲಾಹೋರಿನಲ್ಲಿ ಪಾಕಿಸ್ತಾನದ ಕೊನೆಯ ಜೋಡಿ ಆಡುತ್ತಿತ್ತು. ಕೊನೆಯ ಚೆಂಡು ಎಸೆಯಲು ಓಡಿಬಂದ ವಾಲ್ಶ್, ಅವರ ಪಕ್ಕದ ಬ್ಯಾಟ್ಸ್‌ಮನ್ ಆಗಲೇ ಕ್ರೀಸು ಬಿಟ್ಟು ಮುಂದೆ ಹೋಗಿದ್ದನ್ನು ಕಂಡರು. ಬೇಲ್ಸ್ ಉರುಳಿಸಿದ್ದರೆ ಗೆಲುವು. ಅವರು ಎಚ್ಚರಿಕೆ ಕೊಟ್ಟು ಹಿಂತಿರುಗಿದರು. ಪಾಕಿಸ್ತಾನ ಒಂದು ವಿಕೆಟ್‌ನಿಂದ ಗೆದ್ದಿತು. ವೆಸ್ಟ್ ಇಂಡೀಸ್ ಸೆಮಿಫೈನಲ್ ತಲುಪಲಿಲ್ಲ.

ಸೋತವರ ಮಾತು ಇದಾಯಿತು. ಗೆದ್ದವನು ಹೇಗಿರಬೇಕೆಂಬುದಕ್ಕೆ ಕನ್ನಡಿಗರು ದೂರ ಹೋಗಬೇಕಿಲ್ಲ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಬಾಹುಬಲಿ ನಿಂತಿದ್ದಾನೆ. ಪಂಪನ ‘ಆದಿಪುರಾಣ’ದಲ್ಲೂ ಬರುವ ಕಥೆಯಿದು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಅಣ್ಣ ಭರತನನ್ನು ಗೆದ್ದ ಬಾಹುಬಲಿ, ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೊರಟ. ಗೆಲುವಿನ ನಡುವೆಯೇ ಅದರ ಹುಳುಕು ಅವನಿಗೆ ಕಂಡಿತ್ತು.

ಇಂದು ಚೆಂಡು ಬ್ಯಾಟಿಗೆ ತಾಗಿತೋ ಇಲ್ಲವೋ ಎಂಬುದನ್ನು ಪತ್ತೆ ಮಾಡಲು ಯಂತ್ರಗಳಿವೆ. ಬ್ಯಾಟ್ಸ್‌ಮನ್ನನೇ ಮರುಪರಿಶೀಲನೆ ಕೇಳಬಹುದು. ಆದರೆ ಮೈದಾನದ ಹೊರಗೆ ಅಂಥ ಯಂತ್ರವಿಲ್ಲ. ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಒಬ್ಬನ ಕಡೆಗೆ ಹೆಚ್ಚು ಬಿದ್ದ ಜಮೀನಾಗಲಿ, ಅಂಗಡಿಯವರು ಮರೆತು ಕೊಟ್ಟ ಹೆಚ್ಚಿನ ಚಿಲ್ಲರೆಯಾಗಲಿ, ಅದನ್ನು ಬಲ್ಲವನು ಪಡೆದವನೊಬ್ಬನೇ. ತೀರ್ಪು ತನ್ನ ಪರವಾಗಿ ಬಂದಿರುತ್ತದೆ, ಕೇಳುವವರು ಯಾರೂ ಇರುವುದಿಲ್ಲ. ಸುಮ್ಮನಿರುವುದೋ, ಮರಳಿ ಕರೆಯುವುದೋ ಎಂಬುದನ್ನು ಅಲ್ಲಿ ಅವನೇ ತೀರ್ಮಾನಿಸಬೇಕು.