ತೋಟದವರ ತಲೆ ಕಾಯುವ ಹಾಳೆ ಟೊಪ್ಪಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ತೋಟಗಳಲ್ಲಿ ಇಂದಿಗೂ ಅಲ್ಲಲ್ಲಿ ಕಾಣುವ ಹಾಳೆ ಟೊಪ್ಪಿಗೆ ಅಂಗಡಿಯ ಹಂಗಿಲ್ಲ. ಮರವೇ ಉದುರಿಸಿದ ಹಾಳೆ, ಒಂದು ಕತ್ತಿ, ಒಂದಿಷ್ಟು ದಾರ ಇದ್ದು ಕೈ ಪಳಗಿದ್ದರೆ ಸಾಕು. ಘಟ್ಟದ ಕೆಳಗಿನ ತುಳುವರಿಗೆ ಇದೇ ಮುಟ್ಟಾಳೆ.

ಟೊಪ್ಪಿಗೆ ಹುಳುಕು, ಬೂಸಲು ಇಲ್ಲದ ಅಗಲವಾದ ಹಾಳೆಯೇ ಬೇಕು. ಒಣಹಾಳೆ ಮಡಚಿದರೆ ಸೀಳುತ್ತದೆ, ಅದಕ್ಕೇ ಮೊದಲು ನೀರಲ್ಲಿ ನೆನೆಹಾಕುತ್ತಾರೆ. ಮೆತ್ತಗಾದ ಮೇಲೆ ಸೋಗೆಯ ಕಡೆಯ ಗಡುಸು ಭಾಗ ಕತ್ತರಿಸಿ, ತಲೆಯ ಅಳತೆ ನೋಡಿ, ಎರಡೂ ತುದಿಗಳನ್ನು ನೆರಿಗೆ ಹಿಡಿದು ಬಿಗಿಯಾಗಿ ಹೊಲಿಯುತ್ತಾರೆ. ಕೈಚಳಕವೆಲ್ಲ ಈ ನೆರಿಗೆಯಲ್ಲಿದೆ. ಅದು ಸಮ ಕೂತರೆ ಟೊಪ್ಪಿ ತಲೆಗೆ ಒಪ್ಪುತ್ತದೆ. ಒಣಗಿದ ಮೇಲೆ ಆಕಾರ ಗಟ್ಟಿಯಾಗಿ ನಿಲ್ಲುತ್ತದೆ.

ಸೊಪ್ಪಿನ ಹೊರೆ, ಗೊಬ್ಬರದ ಬುಟ್ಟಿ ಹೊರುವವರಿಗೆ ಇದು ನೆತ್ತಿಯ ರಕ್ಷೆ. ಕೊನೆ ಇಳಿಸುವಾಗ ಅಡಿಕೆಯ ಚೊಗರು ಕೂದಲಿಗೆ ತಾಗದು. ಮಳೆಗಾಲದಲ್ಲಿ ಔಷಧಿ ಹೊಡೆಯುವಾಗಲೂ ಇದು ಬೇಕು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ದಾರಿ ತೋರಿದರು. 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಬೆರೆಸಿದ ಆ ನೀಲಿ ದ್ರಾವಣ ಮರದಿಂದ ತೊಟ್ಟಿಕ್ಕುವಾಗ ಕೆಳಗಿದ್ದವರ ತಲೆ ಕಾಯುವುದು ಈ ಟೊಪ್ಪಿಯೇ.

ತಲೆ ಮುಚ್ಚುವ ಕಾರಣ ಎಲ್ಲೆಡೆ ಒಂದೇ ಅಲ್ಲ. ಯಹೂದಿ ಗಂಡಸರ ಕಿಪ್ಪಾ ನೆತ್ತಿಯನ್ನಷ್ಟೇ ಮುಚ್ಚುವ ಪುಟ್ಟ ಬಟ್ಟೆಯ ಟೊಪ್ಪಿ. ಮಳೆ ಬಿಸಿಲಿಗೆ ಒದಗುವಂಥದ್ದಲ್ಲ. ಮೇಲೆ ದೇವರಿದ್ದಾನೆಂಬ ಎಚ್ಚರ ಸದಾ ಇರಲೆಂದು ಅದನ್ನು ತೊಡುತ್ತಾರೆ. ಹೂನಾ ಎಂಬ ಗುರು ತಲೆ ಮುಚ್ಚದೆ ನಾಲ್ಕು ಮೊಳವೂ ನಡೆಯುತ್ತಿರಲಿಲ್ಲವೆಂದು ತಾಲ್ಮುದ್ ಹೇಳುತ್ತದೆ. ನಾವಾದರೋ ದೇವಸ್ಥಾನದ ಬಾಗಿಲಲ್ಲೇ ಟೊಪ್ಪಿ, ಮುಂಡಾಸು ತೆಗೆಯುತ್ತೇವೆ. ಅವರು ಮುಚ್ಚಿ ತೋರುವ ವಿನಯವನ್ನು ನಾವು ತೆಗೆದು ತೋರುತ್ತೇವೆ. ಹಾಳೆ ಟೊಪ್ಪಿಯ ಗೌರವ ಪೂಜೆಯಿಂದ ಬಂದದ್ದಲ್ಲ, ಪೂರ್ತಿ ದುಡಿಮೆಯಿಂದ ಬಂದದ್ದು. ಅದೇನೂ ಕಡಿಮೆಯ ಗೌರವವಲ್ಲ.

ಈಗ ಒಳ್ಳೆಯ ಹಾಳೆಗಳು ತಟ್ಟೆ ತಯಾರಿಸುವ ಘಟಕಗಳಿಗೆ ಹೋಗುತ್ತಿವೆ. ಹಳದಿ ಎಲೆ ರೋಗದಿಂದ ಈ ಮೂರೂ ತಾಲ್ಲೂಕುಗಳ ಎಷ್ಟೋ ತೋಟಗಳೇ ಸೊರಗಿವೆ. ತೋಟದಲ್ಲಿ ಬಟ್ಟೆ, ಪ್ಲಾಸ್ಟಿಕ್ಕಿನ ಟೊಪ್ಪಿಗಳು ಬಂದಿವೆ. ಕರಾವಳಿಯ ಸಭೆಗಳಲ್ಲಿ ಅತಿಥಿಗಳಿಗೆ ಮುಟ್ಟಾಳೆ ತೊಡಿಸಿ ಸನ್ಮಾನಿಸುವುದುಂಟು. ಸಂತೋಷವೇ. ಆದರೆ ಟೊಪ್ಪಿ ಉಳಿಯಬೇಕಾದರೆ ಅದನ್ನು ಕಟ್ಟುವವರಿಗೂ ಆ ವೇದಿಕೆಯಲ್ಲಿ ಕುರ್ಚಿ ಸಿಗಬೇಕು, ಕೆಲಸಕ್ಕೆ ತಕ್ಕ ಬೆಲೆ ಸಿಗಬೇಕು. ನಮ್ಮ ಶಾಲೆಗಳು ಅವರನ್ನು ಕರೆಸಿ, ಮಕ್ಕಳ ಕೈಗೆ ನೆನೆದ ಹಾಳೆ ಕೊಟ್ಟು, ನೆರಿಗೆ ಹಿಡಿಯುವುದನ್ನು ಕಲಿಸಲಿ.