ಗ್ಲುಟೆನ್‌ರಹಿತ ಹಬ್ಬದೂಟ (ಉತ್ತರ ಕರ್ನಾಟಕ)

ಗ್ಲುಟೆನ್‌ರಹಿತ ಹಬ್ಬದೂಟ ಎಂದರೆ ಗೋಧಿ, ಬಾರ್ಲಿ, ರೈ ಎಂಬ ಮೂರು ಧಾನ್ಯಗಳನ್ನೂ ಅವುಗಳಿಂದಾದ ಪದಾರ್ಥಗಳನ್ನೂ ಬಳಸದೆ ಸಿದ್ಧಪಡಿಸುವ ಹಬ್ಬದ ಅಡುಗೆ. ಸೀಲಿಯಾಕ್ ಕಾಯಿಲೆಯುಳ್ಳವರಿಗೆ ಇದು ರುಚಿ ಅಥವಾ ಒಲವಿನ ವಿಷಯವಲ್ಲ. ಇಂತಹ ಪಥ್ಯವೇ ಆ ಕಾಯಿಲೆಗೆ ಇರುವ ಚಿಕಿತ್ಸೆ. ಉತ್ತರ ಕರ್ನಾಟಕದಲ್ಲಿ ದಿನನಿತ್ಯದ ಊಟ ಜೋಳವನ್ನು ಆಶ್ರಯಿಸಿದ್ದು, ಹಬ್ಬದ ಸಿಹಿ ಅಡುಗೆ ಬಹುಮಟ್ಟಿಗೆ ಗೋಧಿಯನ್ನು ಆಶ್ರಯಿಸಿದೆ. ಆದ್ದರಿಂದ ಇಲ್ಲಿ ಪಥ್ಯದವರಿಗೆ ಸಾಮಾನ್ಯ ದಿನಗಳಿಗಿಂತ ಹಬ್ಬದ ದಿನಗಳೇ ಹೆಚ್ಚು ಕಠಿಣವಾಗುತ್ತವೆ.

ಗ್ಲುಟೆನ್ ಮತ್ತು ಸೀಲಿಯಾಕ್ ಕಾಯಿಲೆ

ಗ್ಲುಟೆನ್ ಗೋಧಿಯಲ್ಲಿರುವ ಪ್ರೋಟೀನುಗಳ ಸಮೂಹ. ಗ್ಲಯಾಡಿನ್ ಮತ್ತು ಗ್ಲುಟೆನಿನ್ ಇದರ ಮುಖ್ಯ ಭಾಗಗಳು. ಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಇವೆರಡೂ ಸೇರಿ ಬಲೆಯಂತೆ ಹೆಣೆದುಕೊಳ್ಳುತ್ತವೆ. ಹೋಳಿಗೆಯ ಕಣಕವು ಹರಿಯದೆ ತೆಳ್ಳಗೆ ಹಿಗ್ಗುವುದು ಈ ಗುಣದಿಂದಲೇ.

ಸೀಲಿಯಾಕ್ ಕಾಯಿಲೆಯು ಅನುವಂಶೀಯ ಒಲವುಳ್ಳವರಲ್ಲಿ ಕಾಣಿಸಿಕೊಳ್ಳುವ ಸ್ವಯಂನಿರೋಧಕ ಕಾಯಿಲೆ. ಗ್ಲುಟೆನ್ ಸೇವಿಸಿದಾಗ ದೇಹದ ರಕ್ಷಣಾ ವ್ಯವಸ್ಥೆಯು ಸಣ್ಣ ಕರುಳಿನ ಒಳಪದರವನ್ನೇ ಹಾಳುಗೆಡವುತ್ತದೆ. ಇದರಿಂದ ಅನ್ನದ ಸಾರ ಮೈಗೆ ಹತ್ತುವುದಿಲ್ಲ. ಅತಿಸಾರ, ಹೊಟ್ಟೆಯುಬ್ಬರ, ರಕ್ತಹೀನತೆ, ಮೂಳೆ ಸವೆತ ಉಂಟಾಗಬಹುದು; ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗಬಹುದು. ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಈ ಕಾಯಿಲೆಗೂ ಗೋಧಿಗೂ ಇರುವ ಸಂಬಂಧವನ್ನು 1950ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು.

ಜಗತ್ತಿನ ಜನಸಂಖ್ಯೆಯ ಸುಮಾರು ಶೇಕಡ 1ರಷ್ಟು ಜನರಲ್ಲಿ ಈ ಕಾಯಿಲೆ ಇದೆಯೆಂದು ಅಂದಾಜಿಸಲಾಗಿದೆ. 2016ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರ ಪ್ರಕಾರ ವಯಸ್ಕರಲ್ಲಿ ಇದರ ಪ್ರಮಾಣ ಉತ್ತರ ಭಾರತದಲ್ಲಿ ಶೇ. 1.23, ದಕ್ಷಿಣ ಭಾರತದಲ್ಲಿ ಶೇ. 0.10. ದಕ್ಷಿಣದಲ್ಲಿ ಕಾಯಿಲೆ ವಿರಳವಾಗಿರುವುದರಿಂದ ಜನರಿಗೆ ಇದರ ಪರಿಚಯವೂ ಕಡಿಮೆ. ಪಥ್ಯವನ್ನು ನೆಂಟರಿಷ್ಟರು ಮೊಂಡುತನವೆಂದೋ ಹೊಸ ಗೀಳೆಂದೋ ಭಾವಿಸುವುದಕ್ಕೆ ಇದೂ ಒಂದು ಕಾರಣ.

ರಕ್ತಪರೀಕ್ಷೆಯಿಂದ ಕಾಯಿಲೆಯ ಸುಳಿವು ದೊರೆಯುತ್ತದೆ. ಸಾಮಾನ್ಯವಾಗಿ ಸಣ್ಣ ಕರುಳಿನ ಬಯಾಪ್ಸಿಯಿಂದ ಅದನ್ನು ಖಚಿತಪಡಿಸಿಕೊಳ್ಳಲಾಗುತ್ತದೆ. ಪರೀಕ್ಷೆಗೆ ಮೊದಲೇ ಗೋಧಿಯನ್ನು ಬಿಟ್ಟರೆ ಫಲಿತಾಂಶ ತಪ್ಪಾಗಿ ಬರುವ ಸಂಭವವಿದೆ. ಆದ್ದರಿಂದ ಅನುಮಾನವಿದ್ದವರು ಮೊದಲು ವೈದ್ಯರನ್ನು ಕಂಡು, ಅನಂತರ ಪಥ್ಯವನ್ನು ಆರಂಭಿಸಬೇಕು.

ಪ್ರಾದೇಶಿಕ ಹಿನ್ನೆಲೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳು ಘಟಪ್ರಭಾ ನದಿಯ ಬಯಲಿಗೆ ಸೇರಿವೆ. ಶ್ರೀಕೃಷ್ಣ ಪಾರಿಜಾತ ಬಯಲಾಟದ ತಮ್ಮಣ್ಣನಿಂದ ಹೆಸರಾದ ಕುಲಗೋಡ ಈ ಭಾಗದ ಊರು. ಇಲ್ಲಿನ ಮನೆಗಳಲ್ಲಿ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು, ಅನ್ನ, ಸಾರು ರೂಢಿಯ ಆಹಾರ. ಇವು ಸಹಜವಾಗಿಯೇ ಗ್ಲುಟೆನ್‌ರಹಿತ. ಗೋವಿನಜೋಳ, ನವಣೆ, ಸಾವೆ, ರಾಗಿ, ಅಕ್ಕಿ, ಎಲ್ಲ ಬೇಳೆಕಾಳುಗಳು ಹಾಗೂ ರಾಜಗಿರಿಯಲ್ಲಿಯೂ ಗ್ಲುಟೆನ್ ಇಲ್ಲ.

ಹಬ್ಬ, ಜಾತ್ರೆ, ಮದುವೆಗಳಲ್ಲಿ ಚಿತ್ರ ಬದಲಾಗುತ್ತದೆ. ಗೋಧಿ ಹುಗ್ಗಿ, ಹೂರಣದ ಹೋಳಿಗೆ, ಶೇಂಗಾ ಹೋಳಿಗೆ, ಕರಿದ ಕಡಬು, ಮಾದಲಿ, ಶ್ಯಾವಿಗೆ ಪಾಯಸ, ಸಜ್ಜಕ, ಶಿರಾ, ಕರ್ಚಿಕಾಯಿ, ಶಂಕರಪೋಳಿ ಇವೆಲ್ಲವೂ ಗೋಧಿ, ರವೆ ಅಥವಾ ಮೈದಾದಿಂದ ಆದವು. ರವೆ ಮತ್ತು ಮೈದಾ ಗೋಧಿಯ ರೂಪಗಳೇ ಎಂಬುದು ಅನೇಕರಿಗೆ ತಕ್ಷಣ ಹೊಳೆಯುವುದಿಲ್ಲ.

ಉತ್ತರ ಕರ್ನಾಟಕದಲ್ಲಿ ಬೆಳೆಯುವ ಕಪ್ಲಿ ಅಥವಾ ಸದಕ ಗೋಧಿ ಹುಗ್ಗಿಗೆ ಹೆಸರಾದುದು. ಇದು ಪುರಾತನ ತಳಿ, ಸುಲಭವಾಗಿ ಜೀರ್ಣವಾಗುತ್ತದೆ ಎಂಬ ನಂಬಿಕೆಯಿಂದ ಪಥ್ಯದವರಿಗೂ ಬಡಿಸುವುದುಂಟು. ಇದು ಅಪಾಯಕಾರಿ. ಸದಕವೂ ಗೋಧಿಯೇ, ಅದರಲ್ಲಿಯೂ ಗ್ಲುಟೆನ್ ಇದೆ. ಜವೆಗೋಧಿ ಎಂಬ ಹೆಸರು ಕೆಲವೆಡೆ ಬಾರ್ಲಿಗೂ ಕೆಲವೆಡೆ ಈ ಗೋಧಿಗೂ ಬಳಕೆಯಲ್ಲಿದೆ. ಎರಡೂ ವರ್ಜ್ಯ.

ಹಬ್ಬಗಳು ಮತ್ತು ಪರ್ಯಾಯ ಖಾದ್ಯಗಳು

* ಸಂಕ್ರಾಂತಿ, ಭೋಗಿ: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳುಪಲ್ಯ, ಹಿಂಡಿಗಳು ಪಥ್ಯಕ್ಕೆ ಒಪ್ಪುತ್ತವೆ. ಮಾದಲಿಯನ್ನು ಬಿಡಬೇಕು. ಎಳ್ಳುಬೆಲ್ಲಕ್ಕೆ ತೊಂದರೆಯಿಲ್ಲ.
* ಯುಗಾದಿ, ಹೋಳಿ: ಹೋಳಿಗೆಯ ಹೂರಣ ಕಡಲೆಬೇಳೆ ಮತ್ತು ಬೆಲ್ಲದ್ದು. ಬೇಳೆಯ ಕಟ್ಟಿನಿಂದ ಮಾಡಿದ ಸಾರನ್ನೂ ಬಳಸಬಹುದು. ತೊಡಕು ಇರುವುದು ಹೊರಗಿನ ಕಣಕದಲ್ಲಿ ಮಾತ್ರ.
* ನಾಗರ ಪಂಚಮಿ: ಶೇಂಗಾ ಉಂಡೆ, ಎಳ್ಳುಂಡೆ, ಪುಟಾಣಿ ಹಿಟ್ಟಿನ ಉಂಡೆ, ಜೋಳದ ಅರಳು ಇರುವುದರಿಂದ ಇದು ಪಥ್ಯದವರಿಗೆ ಅತ್ಯಂತ ಅನುಕೂಲದ ಹಬ್ಬ. ರವೆ ಉಂಡೆ ಕೂಡದು. ತಂಬಿಟ್ಟನ್ನು ಕೆಲವರು ಗೋಧಿಯಿಂದ ಮಾಡುವುದರಿಂದ ಕೇಳಿ ತಿಳಿಯಬೇಕು.
* ಗಣೇಶ ಚತುರ್ಥಿ: ಕರಿದ ಗೋಧಿ ಕಡಬಿನ ಬದಲು ಅಕ್ಕಿ ಹಿಟ್ಟಿನ, ಆವಿಯಲ್ಲಿ ಬೇಯಿಸಿದ ಮೋದಕ ಮಾಡಬಹುದು.
* ಶೀಗಿ ಹುಣ್ಣಿಮೆ, ಎಳ್ಳು ಅಮಾವಾಸ್ಯೆ: ಹೊಲಕ್ಕೆ ಒಯ್ಯುವ ಚರಗದ ಬುತ್ತಿಯಲ್ಲಿ ಜೋಳ ಮತ್ತು ಸಜ್ಜೆಯ ರೊಟ್ಟಿ, ಪುಂಡಿಪಲ್ಯ, ಮೊಸರನ್ನ ಇರುತ್ತವೆ. ಸಿಹಿ ಪದಾರ್ಥವನ್ನಷ್ಟೇ ಬದಲಿಸಿದರೆ ಸಾಕು.
* ದೀಪಾವಳಿ: ಅವಲಕ್ಕಿ ಚೂಡಾ, ಅಕ್ಕಿ ಹಿಟ್ಟಿನ ಚಕ್ಕುಲಿ, ಕಡಲೆಹಿಟ್ಟಿನ ಉಂಡೆ ಆಗಬಹುದು. ಚಕ್ಕುಲಿಗೆ ಮೈದಾ ಬೆರೆಸಬಾರದು.

ಏಕಾದಶಿಯಂತಹ ಉಪವಾಸಗಳಲ್ಲಿ ಬಳಸುವ ಸಾಬೂದಾಣಿ, ಸಾವೆ ಅಕ್ಕಿ, ರಾಜಗಿರಿ, ಶೇಂಗಾ ನಿರಪಾಯಕರ. ಆದರೆ ಅನ್ನವನ್ನು ಬಿಟ್ಟು ಚಪಾತಿ ಅಥವಾ ರವೆ ಉಪ್ಪಿಟ್ಟು ತಿನ್ನುವ ರೂಢಿಯಿರುವ ಮನೆಗಳಲ್ಲಿ ಎಚ್ಚರ ಬೇಕು.

ಗೋಧಿಗೆ ಬದಲಿ ಹಿಟ್ಟಿನ ಬಳಕೆ

ಜೋಳ ಮತ್ತು ಅಕ್ಕಿಯ ಹಿಟ್ಟಿನಲ್ಲಿ ಗ್ಲುಟೆನಿನ ಅಂಟು ಇಲ್ಲದ ಕಾರಣ ತಣ್ಣೀರಿನಲ್ಲಿ ಕಲಸಿದರೆ ಅಂಚು ಒಡೆಯುತ್ತದೆ. ಕುದಿಯುವ ಎಸರಿಗೆ ಹಿಟ್ಟು ಸುರಿದು ನಾದಿದಾಗ ಅದರ ಪಿಷ್ಟ ಬೆಂದು ಅಂಟಾಗುತ್ತದೆ. ರೊಟ್ಟಿ ಬಡಿಯುವವರು ತಲೆಮಾರುಗಳಿಂದ ಅನುಸರಿಸುತ್ತಿರುವ ಈ ಕ್ರಮವೇ ಹಬ್ಬದ ಅಡುಗೆಗೂ ಸಹಾಯಕ. ಎಸರಿನಲ್ಲಿ ಬೇಯಿಸಿದ ಅಕ್ಕಿ ಹಿಟ್ಟನ್ನು ಬಿಸಿಯಿರುವಾಗಲೇ ನಾದಿ, ಎಣ್ಣೆ ಸವರಿದ ಬಾಳೆ ಎಲೆಯ ಮೇಲೆ ಕೈಯಿಂದ ತಟ್ಟಿ, ಹೂರಣವಿಟ್ಟು ಮಡಿಸಿ ಆವಿಯಲ್ಲಿ ಬೇಯಿಸಿದರೆ ಕಡಬು ಸಿದ್ಧವಾಗುತ್ತದೆ. ಅದು ಹೋಳಿಗೆಯಂತೆ ಹಿಗ್ಗುವುದಿಲ್ಲ. ಆದರೆ ಒಳಗಿನ ಹೂರಣದ ರುಚಿ ಅದೇ.

ಗೋಧಿ ಹುಗ್ಗಿಗೆ ಬದಲಾಗಿ ನವಣೆ ಅಕ್ಕಿಯ ಹುಗ್ಗಿ ಮಾಡಬಹುದು. ನವಣೆ ಅಕ್ಕಿಯನ್ನು ತೊಳೆದು ನೆನೆಸಿ ಮೆತ್ತಗೆ ಬೇಯಿಸಿ, ಸಮಪ್ರಮಾಣದ ಬೆಲ್ಲ ಸೇರಿಸಿ ಕುದಿಸಿ, ಒಣಕೊಬ್ಬರಿ, ಗಸಗಸೆ, ಏಲಕ್ಕಿ ಬೆರೆಸಲಾಗುತ್ತದೆ. ಬಡಿಸುವಾಗ ತುಪ್ಪ, ಹಾಲು ಹಾಕುವುದು ಗೋಧಿ ಹುಗ್ಗಿಯಂತೆಯೇ.

ಅಡಗಿರುವ ಗ್ಲುಟೆನ್

ಪಥ್ಯ ತಪ್ಪುವುದು ಹೆಚ್ಚಾಗಿ ಕಣ್ಣಿಗೆ ಕಾಣುವ ಗೋಧಿಯಿಂದಲ್ಲ, ಕಾಣದ ಗೋಧಿಯಿಂದ.

ಇಂಗು: ಅಂಗಡಿಯ ಇಂಗು ಸಾಮಾನ್ಯವಾಗಿ ಮಿಶ್ರಣವಾಗಿದ್ದು, ಅದರಲ್ಲಿ ಮೈದಾ ಇರುವುದುಂಟು. ಸಾರು, ಪಲ್ಯ, ಉಪ್ಪಿನಕಾಯಿಗಳಿಗೆ ಗೋಧಿ ಸೇರುವುದು ಈ ದಾರಿಯಿಂದ. ಅಕ್ಕಿ ಹಿಟ್ಟು ಬೆರೆಸಿದ ಇಂಗನ್ನು ಕೊಳ್ಳಬೇಕು, ಇಲ್ಲವೇ ಬೆಳ್ಳುಳ್ಳಿಯ ಒಗ್ಗರಣೆ ಕೊಡಬೇಕು.

ಗಿರಣಿ: ಗೋಧಿ ಬೀಸಿದ ಗಿರಣಿಯಲ್ಲಿಯೇ ಜೋಳ ಬೀಸಿದರೆ ಉಳಿದ ಗೋಧಿ ಹಿಟ್ಟು ಬೆರೆಯುತ್ತದೆ. ಜೋಳಕ್ಕಾಗಿಯೇ ಇರುವ ಗಿರಣಿಯಲ್ಲಿ ಅಥವಾ ಮನೆಯ ಸಣ್ಣ ಯಂತ್ರದಲ್ಲಿ ಬೀಸಿಕೊಳ್ಳುವುದು ಉತ್ತಮ.

ಕರಿದ ಎಣ್ಣೆ: ಪೂರಿ, ಶಂಕರಪೋಳಿ ಕರಿದ ಬಾಣಲೆಯಲ್ಲಿ ಹಪ್ಪಳ, ಮಿರ್ಚಿ ಭಜಿ ಕರಿಯಬಾರದು.

ಕೊಂಡು ತರುವ ತಿನಿಸು: ಗೋಕಾಕದ ಕರದಂಟಿನಲ್ಲಿ ಅಂಟು, ಬೆಲ್ಲ, ಕೊಬ್ಬರಿ, ಒಣಹಣ್ಣುಗಳು ಮುಖ್ಯ; ಬೆಳಗಾವಿ ಕುಂದಾದಲ್ಲಿ ಹಾಲು, ಸಕ್ಕರೆ ಮುಖ್ಯ. ಆದರೂ ತಯಾರಿಕೆ ಎಲ್ಲೆಡೆ ಒಂದೇ ಆಗಿರುವುದಿಲ್ಲವಾದ್ದರಿಂದ ಪೊಟ್ಟಣದ ಮೇಲಿನ ಪಟ್ಟಿಯನ್ನು ಓದಬೇಕು. ಭಾರತದ ಆಹಾರ ಸುರಕ್ಷತಾ ನಿಯಮದಂತೆ ಗ್ಲುಟೆನ್‌ರಹಿತ ಎಂದು ಮಾರುವ ಆಹಾರದಲ್ಲಿ ಅದರ ಪ್ರಮಾಣ ಕಿಲೋಗ್ರಾಂಗೆ 20 ಮಿಲಿಗ್ರಾಂ ಮೀರುವಂತಿಲ್ಲ.

ಯೋಜನೆಯ ಕ್ರಮ

ಹಬ್ಬಕ್ಕೆ ಕೆಲವು ದಿನ ಮುಂಚೆಯೇ ಧಾನ್ಯ ಬೀಸಿಸಿ ಬೇರೆ ಡಬ್ಬಿಯಲ್ಲಿಡುವುದು, ಇಂಗು ಮತ್ತು ಮಸಾಲೆಗಳನ್ನು ಪರಿಶೀಲಿಸುವುದು ಮೊದಲ ಕೆಲಸ. ಹಬ್ಬದ ದಿನ ಗೋಧಿ ಹಿಟ್ಟನ್ನು ತೆಗೆಯುವ ಮೊದಲೇ ಪಥ್ಯದ ಅಡುಗೆಯನ್ನು ಮುಗಿಸಿ ಮುಚ್ಚಿಡಬೇಕು. ಹಾರಿದ ಹಿಟ್ಟು ಪಾತ್ರೆಗಳ ಮೇಲೆ ಕೂರುತ್ತದೆ. ಲಟ್ಟಣಿಗೆ, ಮಣೆ, ಜರಡಿ, ಹಂಚು, ಸೌಟು ಪ್ರತ್ಯೇಕವಿರಬೇಕು. ಪಂಕ್ತಿಯಲ್ಲಿ ಹೋಳಿಗೆ ಮುಟ್ಟಿದ ಕೈಯಿಂದಲೇ ಅನ್ನ ಬಡಿಸುವ ಸಂಭವವಿರುವುದರಿಂದ ಪಥ್ಯದವರ ಎಲೆಗೆ ಮೊದಲು ಬಡಿಸುವುದು ಲೇಸು.

ಇವೆಲ್ಲಕ್ಕಿಂತ ಸರಳವಾದ ಉಪಾಯವೆಂದರೆ, ಸಿಹಿಯೊಂದನ್ನು ಬಿಟ್ಟು ಉಳಿದ ಅಡುಗೆಯನ್ನೆಲ್ಲ ಎಲ್ಲರಿಗೂ ಗ್ಲುಟೆನ್‌ರಹಿತವಾಗಿಯೇ ಮಾಡುವುದು. ಆಗ ಒಬ್ಬರ ಎಲೆ ಬೇರೆಯಾಗಿ ಕಾಣುವುದಿಲ್ಲ.

ಸಾಮಾಜಿಕ ಅಂಶಗಳು

ಉಣ್ಣುವವರನ್ನು ಒತ್ತಾಯಿಸಿ ಬಡಿಸುವುದು ಈ ಭಾಗದ ಆದರದ ರೀತಿ. ಹಬ್ಬದ ದಿನ ಒಂದು ತುಣುಕಿನಿಂದ ಏನೂ ಆಗದು ಎಂಬ ಮಾತು ಸಾಮಾನ್ಯ. ಆದರೆ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೆಲವು ತಿಂಗಳು ಸೇರಿದರೂ ಕರುಳಿಗೆ ಹಾನಿಯಾಗಬಲ್ಲದು. 30 ಗ್ರಾಂ ಹಿಟ್ಟಿನ ಒಂದು ಹೋಳಿಗೆಯಲ್ಲಿ 2 ಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರುತ್ತದೆ. ಅದರ ಇಪ್ಪತ್ತನೆಯ ಒಂದು ಪಾಲೂ ಈ ಮಿತಿಯನ್ನು ಮುಟ್ಟುತ್ತದೆ. ಹೊರಗೆ ಯಾವ ಲಕ್ಷಣ ಕಾಣದಿದ್ದರೂ ಒಳಗೆ ಹಾನಿ ನಡೆದಿರಬಹುದು.

ಸಜ್ಜಕ ಅಥವಾ ಗೋಧಿಯ ನೈವೇದ್ಯದ ಪ್ರಸಾದವನ್ನು ನಿರಾಕರಿಸುವುದು ಹಿರಿಯರಿಗೂ ಮಕ್ಕಳಿಗೂ ಮುಜುಗರದ ಸಂಗತಿ. ಹಣ್ಣು, ಕೊಬ್ಬರಿ, ಸಕ್ಕರೆ, ಪುಟಾಣಿಗಳೂ ನೈವೇದ್ಯಕ್ಕೆ ಸಲ್ಲುವುದರಿಂದ ಅವುಗಳಲ್ಲೊಂದನ್ನು ಜೊತೆಗೆ ಇಟ್ಟರೆ ಯಾರೂ ಬರಿಗೈಯಲ್ಲಿ ಏಳಬೇಕಾಗುವುದಿಲ್ಲ. ಶಾಲೆಗೆ ಹೋಗುವ ಮಗುವಿಗೆ ಯಾವುದು ತನಗೆ ಆಗದು ಎಂಬುದನ್ನು ಹೆಸರಿಟ್ಟು ಹೇಳಲು ಕಲಿಸುವುದೂ, ನೆರೆಮನೆಯವರಿಗೆ ಮೊದಲೇ ತಿಳಿಸುವುದೂ ಪಥ್ಯದ ಭಾಗವೇ ಆಗಿದೆ.

ಇವನ್ನೂ ನೋಡಿ

* ಜೋಳದ ರೊಟ್ಟಿ
* ಸಿರಿಧಾನ್ಯಗಳು
* ಉತ್ತರ ಕರ್ನಾಟಕದ ಅಡುಗೆ
* ಗೋಕಾಕದ ಕರದಂಟು