ಉದ್ದಗೊಳಿಸಿದ ಪಟ್ಟಿ

ಗಟ್ಟಿ ನೆಲದ ಮೇಲೆ ಓಡುವ ವಾಹನಕ್ಕೆ ಚಕ್ರಕ್ಕಿಂತ ಉತ್ತಮವಾದ ಕಾಲು ಬೇರೊಂದಿಲ್ಲ. ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ ನಿಂತು ನೋಡುವವರಿಗೆ ಈ ಮಾತಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. 2023ನೆಯ ಇಸವಿಯ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಎರಡು ಹಂತಗಳು ಒಂದನ್ನೊಂದು ಸೇರುವುದು ಇಲ್ಲಿಯೇ. ಆದರೆ ಆ ಹೆದ್ದಾರಿಯಿಂದಿಳಿದು ಮದ್ದೂರು ಸೀಮೆಯ ನೀರಾವರಿ ಗದ್ದೆಗೆ ಕಾಲಿಟ್ಟೊಡನೆ ಚಕ್ರದ ಹೆಮ್ಮೆ ಮುರಿಯುತ್ತದೆ. ಕೆಸರಿನಲ್ಲಿ ಅದು ಹೂಳುತ್ತದೆ, ತಿರುಗಿದಷ್ಟೂ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಆದುದರಿಂದಲೇ ಬತ್ತದ ಕೊಯ್ಲಿನ ದಿನಗಳಲ್ಲಿ ಹಸಿ ಗದ್ದೆಗಳಿಗೆ ಲಾರಿಯ ಬೆನ್ನೇರಿ ಬರುವ ಕಟಾವು ಯಂತ್ರಗಳಿಗೆ ಚಕ್ರಗಳಿಗೆ ಬದಲಾಗಿ ಅಗಲವಾದ ರಬ್ಬರು ಪಟ್ಟಿಗಳಿರುತ್ತವೆ.

ಈ ಪಟ್ಟಿಯ ಗುಟ್ಟೇನು? ಪ್ರೌಢಶಾಲೆಯಲ್ಲಿ ಕಲಿತ ಒಂದು ಸಣ್ಣ ಸೂತ್ರವೇ ಇದಕ್ಕೆ ಉತ್ತರ. ಒತ್ತಡವೆಂದರೆ ಭಾರವನ್ನು ಅದು ಊರಿದ ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಬೆಲೆ. 60 ಕಿಲೋಗ್ರಾಂ ತೂಗುವ ರೈತನ ಎರಡು ಅಂಗಾಲುಗಳೂ ಸೇರಿ 400 ಚದರ ಸೆಂಟಿಮೀಟರ್ ನೆಲವನ್ನು ಮುಟ್ಟುವುದಾದರೆ, ಅವನು ನಿಂತಿರುವಾಗ ಪ್ರತಿ ಚದರ ಸೆಂಟಿಮೀಟರಿಗೆ 0.15 ಕಿಲೋಗ್ರಾಂ ಭಾರ ಬೀಳುತ್ತದೆ. ನಡೆಯುವಾಗ ಒಂದೇ ಕಾಲಿನ ಮೇಲೆ ಮೈಭಾರವೆಲ್ಲ ಬೀಳುವುದರಿಂದ ಅದು 0.30 ಆಗುತ್ತದೆ. ಇನ್ನು 3,000 ಕಿಲೋಗ್ರಾಂ ತೂಗುವ ಯಂತ್ರವೊಂದು 45 ಸೆಂಟಿಮೀಟರ್ ಅಗಲದ ಎರಡು ಪಟ್ಟಿಗಳ ಮೇಲೆ ನಿಂತಿದೆ, ಒಂದೊಂದು ಪಟ್ಟಿಯೂ 160 ಸೆಂಟಿಮೀಟರ್ ಉದ್ದಕ್ಕೆ ನೆಲವನ್ನು ಮುಟ್ಟಿದೆ ಎಂದಿಟ್ಟುಕೊಳ್ಳೋಣ. ಗುಣಿಸಿ ಭಾಗಿಸಿದರೆ ಬರುವುದು ಸುಮಾರು 0.21. ಯಂತ್ರದ ತೂಕ ರೈತನ ತೂಕದ ಐವತ್ತರಷ್ಟು. ಆದರೂ ಅದರ ಹೆಜ್ಜೆ ನಡೆಯುವ ರೈತನ ಹೆಜ್ಜೆಗಿಂತ ಹಗುರ!

ಮಂಡ್ಯದ ಕೆಸರಿಗೆ ಅನ್ವಯಿಸುವ ನಿಯಮವೇ ಹಿಮಕ್ಕೂ ಅನ್ವಯಿಸುತ್ತದೆ. ಹೊಸದಾಗಿ ಬಿದ್ದ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಬರಿಯ ಗಾಳಿಯೇ. ಅದರ ಮೇಲೆ ಕಾಲಿಟ್ಟವನು ತೊಡೆಮಟ್ಟ ಇಳಿದುಹೋಗುವುದುಂಟು. ಹಿಮವನ್ನೇ ಕಾಣದ ನಾಡಿನ ನಮಗೆ ಈ ವಿಚಾರವೇಕೆ ಎಂದು ಕೇಳುವವರು, 2016ರ ಫೆಬ್ರವರಿ 3ರಂದು ಸಿಯಾಚಿನ್ನಿನಲ್ಲಿ ಹಿಮಪಾತಕ್ಕೆ ಸಿಕ್ಕಿದ ಹತ್ತು ಮಂದಿ ಯೋಧರನ್ನು ನೆನೆಯಬೇಕು. ಆರು ದಿನ ಹಿಮದಡಿಯಲ್ಲಿದ್ದು ಜೀವಸಹಿತ ಹೊರಬಂದು, ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕಣ್ಮುಚ್ಚಿದ ಹನುಮಂತಪ್ಪ ಕೊಪ್ಪದರು ಧಾರವಾಡ ಜಿಲ್ಲೆಯ ಬೆಟದೂರಿನವರು. ಅಂತಹ ಎಡೆಗಳಲ್ಲಿ ಆಹಾರವನ್ನೂ ಔಷಧವನ್ನೂ ಗಾಯಾಳುಗಳನ್ನೂ ಸಾಗಿಸುವವರಿಗೆ, ಹಿಮದಲ್ಲಿ ಹೂಳದೆ ಓಡುವ ವಾಹನವೆಂಬುದು ವಿನೋದದ ವಸ್ತುವಲ್ಲ, ಜೀವದ ಪ್ರಶ್ನೆ.

ಈ ವಾಹನದ ಚರಿತ್ರೆಯ ಹಿಂದೆಯೂ ಒಂದು ಸಾವಿನ ನೋವಿದೆ. ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಊರಿನಲ್ಲಿ 1907ರಲ್ಲಿ ಹುಟ್ಟಿದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಹದಿನೈದರ ವಯಸ್ಸಿನಲ್ಲಿಯೇ ಹಿಮದ ಮೇಲೆ ಓಡುವ ಬಂಡಿಯೊಂದನ್ನು ಕಟ್ಟಿದ್ದನು. 1934ರ ಚಳಿಗಾಲದಲ್ಲಿ ಅವನ ಎಳೆಯ ಮಗನಿಗೆ ಕರುಳಿನ ಬೇನೆ ಬಂದಾಗ, ದಾರಿಗಳೆಲ್ಲ ಹಿಮದಿಂದ ಮುಚ್ಚಿಹೋಗಿದ್ದುದರಿಂದ ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಮೂರು ವರ್ಷಗಳ ಅನಂತರ, 1937ರಲ್ಲಿ, ಹಲ್ಲುಚಕ್ರವೊಂದು ರಬ್ಬರು ಪಟ್ಟಿಯನ್ನು ಎಳೆದು ಓಡಿಸುವ ಏರ್ಪಾಡಿಗೆ ಅವನು ಹಕ್ಕುಪತ್ರ ಪಡೆದನು. ಒಬ್ಬಿಬ್ಬರು ಕುಳಿತು ಹೋಗಬಲ್ಲ ಅವನ 'ಸ್ಕೀ-ಡೂ' ಎಂಬ ಚಿಕ್ಕ ವಾಹನವು 1959ರಲ್ಲಿ ಮಾರುಕಟ್ಟೆಗೆ ಬಂದಿತು. ಇಂದು ಸ್ನೋಮೊಬೈಲ್ ಎಂದು ಕರೆಯುವ ವಾಹನಗಳೆಲ್ಲವೂ ಹೆಚ್ಚುಕಡಿಮೆ ಆ ಮಾದರಿಯವೇ: ಮುಂದೆ ದಿಕ್ಕು ತಿರುಗಿಸುವ ಎರಡು ಜಾರುಹಲಗೆಗಳು, ಹಿಂದೆ ನೂಕುವ ಒಂದು ಅಗಲವಾದ ಪಟ್ಟಿ.

ಆ ಪಟ್ಟಿಯ ಒಳಗೆ ಏನಿದೆಯೆಂಬುದನ್ನು ಸ್ವಲ್ಪ ನೋಡೋಣ. ಎರಡು ಉದ್ದನೆಯ ಲೋಹದ ಕಂಬಿಗಳು ಅಕ್ಕಪಕ್ಕದಲ್ಲಿ ಮಲಗಿರುತ್ತವೆ. ಅವುಗಳ ಅಡಿಗೆ ನುಣುಪಾದ ಪ್ಲಾಸ್ಟಿಕ್ಕಿನ ಅಂಚುಗಳನ್ನು ಹಾಕಿರುತ್ತಾರೆ. ಪಟ್ಟಿಯು ಈ ಅಂಚುಗಳ ಕೆಳಗೆ ಜಾರುತ್ತದೆ. ಒಳನುಗ್ಗುವ ಹಿಮವೇ ಅದಕ್ಕೆ ಎಣ್ಣೆ, ಹಿಮವೇ ತಂಪು. ಕಂಬಿಗಳ ಹಿಂತುದಿಯ ಅಚ್ಚಿನಲ್ಲಿರುವ ಚಕ್ರಗಳನ್ನು ಬಳಸಿಕೊಂಡು ಪಟ್ಟಿ ಮೇಲಕ್ಕೆ ಮರಳುತ್ತದೆ. ವಾಹನದ ಒಡಲಿನಿಂದ ಇಳಿದ ಎರಡು ತೋಳುಗಳು, ಒಂದು ಮುಂದೆ ಒಂದು ಹಿಂದೆ, ಸ್ಪ್ರಿಂಗುಗಳ ನೆರವಿನಿಂದ ಕಂಬಿಗಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತವೆ. ಕಂಬಿ, ತೋಳು, ಸ್ಪ್ರಿಂಗುಗಳ ಈ ಕಟ್ಟಿಗೆ ಹಿಂಬದಿಯ ಸಸ್ಪೆನ್ಷನ್ ಎಂದು ಹೆಸರು. ವಾಹನದ ಭಾರವನ್ನು ಹೊರುವುದೂ ನೆಲದ ಏರುತಗ್ಗುಗಳನ್ನು ನುಂಗುವುದೂ ಇದರ ಕೆಲಸ.

ಆಳವಾದ ಹಿಮದಲ್ಲಿ ಓಡಿಸಬೇಕೆನ್ನುವವರು ಪಟ್ಟಿಯನ್ನು ಉದ್ದಗೊಳಿಸುತ್ತಾರೆ. ಉದ್ದವನ್ನೇ ಏಕೆ, ಅಗಲವನ್ನು ಏಕೆ ಹೆಚ್ಚಿಸಬಾರದು ಎಂದು ಚುರುಕಾದ ವಿದ್ಯಾರ್ಥಿ ಕೇಳಿಯಾನು. ವಿಸ್ತೀರ್ಣ ಎರಡರಿಂದಲೂ ಹೆಚ್ಚುವುದು ನಿಜ. ಆದರೆ ಪಟ್ಟಿಯ ಮುಂತುದಿ ತುಳಿದು ಗಟ್ಟಿಮಾಡಿದ ದಾರಿಯಲ್ಲಿಯೇ ಅದರ ಹಿಂಭಾಗವೂ ಸಾಗುತ್ತದೆ. ಅಗಲ ಹೆಚ್ಚಿದರೆ ತುಳಿಯಬೇಕಾದ ಹೊಸ ಹಿಮವೂ ಹೆಚ್ಚುತ್ತದೆ, ಅದನ್ನು ತುಳಿಯಲು ಎಂಜಿನ್ನು ಮಾಡಬೇಕಾದ ಕೆಲಸವೂ ಹೆಚ್ಚುತ್ತದೆ. ಮೆತ್ತನೆಯ ನೆಲದ ಮೇಲಿನ ಚಲನೆಯನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದ ಬೆಕ್ಕರ್ ಎಂಬ ಪೋಲೆಂಡ್ ಮೂಲದ ವಿಜ್ಞಾನಿಯು 1956ರ ತನ್ನ ಗ್ರಂಥದಲ್ಲಿ ಇಂತಹ ಪ್ರಶ್ನೆಗಳನ್ನು ಗಣಿತದಿಂದ ಬಿಡಿಸಿದನು. 1971ರಲ್ಲಿ ಚಂದ್ರನ ಮೇಲೆ ಓಡಿದ ಅಮೆರಿಕದ ಬಂಡಿಯ ರಚನೆಯಲ್ಲಿಯೂ ಅವನ ಕೈಯಿತ್ತು.

ಉದ್ದವನ್ನು ಮನಬಂದಂತೆ ಹೆಚ್ಚಿಸಲಾಗುವುದಿಲ್ಲ. ಹಲ್ಲುಚಕ್ರದ ಹಲ್ಲುಗಳು ಪಟ್ಟಿಯ ಅಚ್ಚುಗಳಿಗೆ ಸರಿಯಾಗಿ ಕೂರಬೇಕು. ಅನೇಕ ಪಟ್ಟಿಗಳಲ್ಲಿ ಈ ಅಚ್ಚುಗಳ ನಡುವಣ ಅಂತರ 2.52 ಇಂಚು, ಎಂದರೆ 6.4 ಸೆಂಟಿಮೀಟರ್. 48 ಅಂತರಗಳ ಪಟ್ಟಿ 121 ಇಂಚು ಉದ್ದವಿರುತ್ತದೆ; 54 ಅಂತರಗಳದ್ದು 136 ಇಂಚು. ಮೊದಲನೆಯದನ್ನು ತೆಗೆದು ಎರಡನೆಯದನ್ನು ಹಾಕಿದರೆ ಹೆಚ್ಚಿದ ಉದ್ದ 38.4 ಸೆಂಟಿಮೀಟರ್. ಆದರೆ ಪಟ್ಟಿ ಒಂದು ಬಳೆಯಂತೆ ಕೂಡಿಕೊಂಡಿದೆ. ಮೇಲೊಂದು ಸಾಲು, ಕೆಳಗೊಂದು ಸಾಲು. ಹೆಚ್ಚಿದ ಉದ್ದ ಎರಡೂ ಸಾಲುಗಳಿಗೆ ಹಂಚಿಹೋಗುವುದರಿಂದ ಹಿಂದಿನ ಅಚ್ಚು ಹಿಂದಕ್ಕೆ ಸರಿಯಬೇಕಾದುದು ಅರ್ಧದಷ್ಟು, ಎಂದರೆ 19.2 ಸೆಂಟಿಮೀಟರ್ ಮಾತ್ರ. ಇದಕ್ಕಾಗಿ ಕಂಬಿಗಳ ಹಿಂತುದಿಗೆ ತುಂಡುಗಳನ್ನು ಸೇರಿಸಿ ಬೋಲ್ಟುಗಳಿಂದ ಬಿಗಿಯುತ್ತಾರೆ.

ಇಷ್ಟಕ್ಕೆ ಕೆಲಸ ಮುಗಿಯಿತೆಂದು ತಿಳಿಯುವುದು ಸುಲಭ. ಆದರೆ ಹೀಗೆ ಉದ್ದಗೊಳಿಸಿದ ವಾಹನ ಮೊದಲಿಗಿಂತ ಆಳಕ್ಕೆ ಹೂತುಕೊಳ್ಳಬಹುದು! ಇದು ಹೇಗೆ ಸಾಧ್ಯ?

ಲೆಕ್ಕದ ಅನುಕೂಲಕ್ಕಾಗಿ, ಮೊದಲು 100 ಸೆಂಟಿಮೀಟರ್ ಉದ್ದಕ್ಕೆ ನೆಲ ಮುಟ್ಟುತ್ತಿದ್ದ ಪಟ್ಟಿಯು ಈಗ 120 ಸೆಂಟಿಮೀಟರ್ ಮುಟ್ಟುತ್ತದೆ ಎನ್ನೋಣ. ಪಟ್ಟಿ ಹೊತ್ತ ಭಾರ 240 ಕಿಲೋಗ್ರಾಂ, ಅಗಲ 38 ಸೆಂಟಿಮೀಟರ್. ಮೊದಲಿನ ಸರಾಸರಿ ಒತ್ತಡ 0.063, ಈಗಿನದು 0.053. ಸರಾಸರಿ ಇಳಿಯಿತು, ಸರಿ. ಆದರೆ ಹಿಮಕ್ಕೆ ಸರಾಸರಿ ತಿಳಿಯದು. ಅದು ಕುಸಿಯುವುದು ಒತ್ತಡ ಹೆಚ್ಚಿದ ಕಡೆಯಲ್ಲಿ. ಉದ್ದವೆಲ್ಲವೂ ಹಿಂದಕ್ಕೆ ಕೂಡಿದ್ದರಿಂದ ಪಟ್ಟಿಯ ನಡು 10 ಸೆಂಟಿಮೀಟರ್ ಹಿಂದಕ್ಕೆ ಹೋಯಿತು. ತೋಳುಗಳು ಒತ್ತುವ ಸ್ಥಳ ಮಾತ್ರ ಇದ್ದಲ್ಲಿಯೇ ಇದೆ. ಈಗ ಭಾರ ಬೀಳುವುದು ನಡುವಿಗೆ 10 ಸೆಂಟಿಮೀಟರ್ ಮುಂದೆ.

ಭಾರವು ನಡುವಿನಿಂದ ಸರಿದಾಗ ಎರಡು ತುದಿಗಳ ಒತ್ತಡವನ್ನು ಕಂಡುಹಿಡಿಯಲು ಸರಳವಾದ ನಿಯಮವಿದೆ. ಸರಿದ ದೂರದ ಆರರಷ್ಟನ್ನು ಪಟ್ಟಿಯ ಉದ್ದದಿಂದ ಭಾಗಿಸಿರಿ. ಬಂದ ಭಾಗಲಬ್ಧವನ್ನು 1ಕ್ಕೆ ಕೂಡಿಸಿ ಸರಾಸರಿ ಒತ್ತಡದಿಂದ ಗುಣಿಸಿದರೆ ಭಾರ ಸರಿದ ಕಡೆಯ ತುದಿಯ ಒತ್ತಡ. 1ರಿಂದ ಕಳೆದು ಗುಣಿಸಿದರೆ ಇನ್ನೊಂದು ತುದಿಯದು. ನಮ್ಮ ಲೆಕ್ಕದಲ್ಲಿ ಭಾಗಲಬ್ಧ 60/120, ಎಂದರೆ ಅರ್ಧ. ಮುಂತುದಿಯ ಒತ್ತಡ ಸರಾಸರಿಯ ಒಂದೂವರೆಯಷ್ಟು, 0.079, ಹಿಂತುದಿಯದು ಅರ್ಧ, 0.026. ಪಟ್ಟಿ ಚಿಕ್ಕದಾಗಿದ್ದಾಗ ಎಲ್ಲೆಡೆಯೂ 0.063 ಇದ್ದ ಒತ್ತಡ, ಉದ್ದಗೊಳಿಸಿದ ಮೇಲೆ ಮುಂತುದಿಯಲ್ಲಿ ಕಾಲುಪಾಲು ಹೆಚ್ಚಿಹೋಯಿತು! 20ರ ಬದಲು 50 ಸೆಂಟಿಮೀಟರ್ ಸೇರಿಸಿದ್ದರೆ ಹಿಂತುದಿಯ ಒತ್ತಡ ಸೊನ್ನೆಗಿಳಿದು, ಮುಂತುದಿಯದು ಮೊದಲಿಗಿಂತ ಮೂರನೆಯ ಒಂದು ಪಾಲು ಹೆಚ್ಚುತ್ತಿತ್ತು. ಅದರಾಚೆಗೆ ಸೇರಿಸಿದ ಉದ್ದ ಬರಿಯ ಅಲಂಕಾರ.

ಈ ನಿಯಮ ಮಂಡ್ಯದವರಿಗೆ ಹೊರಗಿನದೇನೂ ಅಲ್ಲ. ಕನ್ನಂಬಾಡಿಯಂತಹ ಕಲ್ಲುಕಟ್ಟಡದ ಅಣೆಕಟ್ಟುಗಳ ತಳಹದಿಯನ್ನು ಲೆಕ್ಕಹಾಕುವಾಗ ಎಂಜಿನಿಯರುಗಳು ಇದನ್ನೇ ಬಳಸುತ್ತಾರೆ. ಕಟ್ಟಡದ ತೂಕವೂ ನೀರಿನ ನೂಕುಬಲವೂ ಸೇರಿದ ಒಟ್ಟು ಬಲವು ತಳದ ನಡುವಣ ಮೂರನೆಯ ಒಂದು ಪಾಲಿನೊಳಗೆ ಬೀಳಬೇಕು. ಇಲ್ಲವಾದರೆ ನೀರಿನ ಕಡೆಯ ತಳದಲ್ಲಿ ಒತ್ತಡ ತೀರಿಹೋಗಿ ಬಿರುಕಿಗೆ ಎಡೆಯಾಗುತ್ತದೆ. ಗದ್ದೆಗೆ ನೀರು ಕೊಡುವ ಕಟ್ಟೆಗೂ ಹಿಮದ ಮೇಲಿನ ಪಟ್ಟಿಗೂ ನಿಯಮ ಒಂದೇ.

ಹಾಗಾದರೆ ಪರಿಹಾರವೇನು? ಭಾರ ಬೀಳುವ ಸ್ಥಳವನ್ನೂ 10 ಸೆಂಟಿಮೀಟರ್ ಹಿಂದಕ್ಕೆ ಒಯ್ಯಬೇಕು. ಎರಡು ತೋಳುಗಳನ್ನೂ ಅಷ್ಟು ಸರಿಸಬಹುದು. ಇಲ್ಲವೆ, ಅವೆರಡೂ ಸಮಭಾರ ಹೊತ್ತಿದ್ದರೆ, ಹಿಂದಿನದೊಂದನ್ನೇ 20 ಸೆಂಟಿಮೀಟರ್ ಸರಿಸಬಹುದು. ತೋಳು ಸರಿದಂತೆ ಭಾರದ ಹಂಚಿಕೆಯೂ ಮಾರ್ಪಡುವುದರಿಂದ ಸ್ಪ್ರಿಂಗುಗಳ ಬಿಗಿಯನ್ನು ಮರಳಿ ಹೊಂದಿಸಬೇಕು. ಇಲ್ಲಿ ಇನ್ನೊಂದು ತೊಡಕಿದೆ. ಬೊಂಬಿಗೆ ತೂಗುಹಾಕಿದ ಹೊರೆಯನ್ನು ಇಬ್ಬರು ಹೆಗಲ ಮೇಲೆ ಒಯ್ಯುವಾಗ ಹಿಂದಿನವನು ಇನ್ನಷ್ಟು ಹಿಂದಕ್ಕೆ ಸರಿದರೆ ಮುಂದಿನವನ ಹೆಗಲಿಗೆ ಭಾರ ಹೆಚ್ಚುತ್ತದೆಯಲ್ಲವೆ? ಹಾಗೆಯೇ ಇಲ್ಲಿಯೂ ಮುಂದಿನ ಜಾರುಹಲಗೆಗಳ ಮೇಲೆ ಭಾರ ಹೆಚ್ಚುತ್ತದೆ. ಗಟ್ಟಿ ಹಿಮದಲ್ಲಿ ಇದರಿಂದ ತಿರುವಿನ ಹಿಡಿತ ಹೆಚ್ಚೀತು. ಮೆತ್ತನೆಯ ಹಿಮದಲ್ಲಿ ಹಲಗೆಗಳೇ ಹೂತಾವು. ಒಂದನ್ನು ಕೊಂಡರೆ ಇನ್ನೊಂದನ್ನು ಕೊಡಬೇಕು. ಯಂತ್ರಶಾಸ್ತ್ರದಲ್ಲಿ ಉಚಿತವಾಗಿ ದೊರೆಯುವುದು ಯಾವುದೂ ಇಲ್ಲ.

ಕಂಬಿಗೆ ಹಾಕಿದ ಬೆಸುಗೆಯಂತಹ ಜೋಡಣೆಯನ್ನೂ ಮರೆಯಬಾರದು. ಪಟ್ಟಿಯ ಒತ್ತಡ ಸಮನಾದಾಗ ಉದ್ದದ ಪ್ರತಿ ಸೆಂಟಿಮೀಟರಿಗೂ 2 ಕಿಲೋಗ್ರಾಂ ಮೇಲ್ನೂಕು ಬೀಳುತ್ತದೆ. ಸೇರಿಸಿದ 20 ಸೆಂಟಿಮೀಟರಿಗೆ 40 ಕಿಲೋಗ್ರಾಂ. ವಾಹನ ದಿಬ್ಬವೊಂದನ್ನು ಹಾರಿ ಇಳಿದಾಗ ಇದು ಹಲವು ಪಟ್ಟು ಬೆಳೆಯುತ್ತದೆ. ಈ ಬಲವೆಲ್ಲ ಬಾಗಿಸಲು ನೋಡುವುದು ಜೋಡಣೆಯ ಬೋಲ್ಟುಗಳಿರುವ ಕಡೆಯನ್ನೇ. ಜನವಸತಿಯಿಂದ ದೂರದ ಹಿಮಬಯಲಿನಲ್ಲಿ ಕಂಬಿ ಮುರಿದರೆ ಸವಾರನ ಗತಿ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮೆತ್ತನೆಯ ಸ್ಪಂಜಿನ ಹಾಸಿನ ಮೇಲೆ ಒಂದು ಅಡಿಕೋಲನ್ನಿಟ್ಟು ನಡುವೆ ತೂಕದ ಬಟ್ಟನ್ನಿಡಿರಿ. ಎರಡು ತುದಿಗಳೂ ಸಮನಾಗಿ ಇಳಿಯುತ್ತವೆ. ಈಗ ಬಟ್ಟನ್ನು ಸ್ವಲ್ಪಸ್ವಲ್ಪವಾಗಿ ಒಂದು ತುದಿಯ ಕಡೆಗೆ ಸರಿಸಿರಿ. ನಡುವಿನಿಂದ ಕೋಲಿನ ಉದ್ದದ ಆರನೆಯ ಒಂದು ಪಾಲು ದಾಟಿದೊಡನೆ ಇನ್ನೊಂದು ತುದಿ ಸ್ಪಂಜಿನಿಂದ ಮೇಲಕ್ಕೇಳುವುದನ್ನು ಕಾಣುವಿರಿ. ಮೂವತ್ತು ಸೆಂಟಿಮೀಟರಿನ ಕೋಲಾದರೆ ಆ ಗೆರೆ ನಡುವಿನಿಂದ ಸುಮಾರು ಐದು ಸೆಂಟಿಮೀಟರಿನ ಮೇಲಿರುತ್ತದೆ. ಅಳೆದು ನೋಡಿರಿ.